ಬಳಚು ನಕ್ಷೆಯಲ್ಲಿ ಎಲ್ಲಿದೆ? ಕಡಲಂಚಿನ ಜೀವಿಗಳ ಆನ್‌ಲೈನ್ ದಾಖಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ, ಹೊನ್ನಾವರ, ಕಾರವಾರದ ದಂಡೆಗಳಲ್ಲಿ ನೀರಿಳಿದಾಗ ನಡೆಯಲು ಹೋಗುತ್ತೇವೆ. ಜೊತೆಗೆ ಬರುವವರು ಮೊಬೈಲ್‌ನಲ್ಲಿ ಫೋಟೊ ತೆಗೆಯುತ್ತಾರೆ, ಆಮೇಲೆ ಪ್ರಶ್ನೆ ಕೇಳುತ್ತಾರೆ. ಹೆಚ್ಚುಕಡಿಮೆ ಅವೇ ಪ್ರಶ್ನೆಗಳು, ಅದರಲ್ಲೂ ಬಳಚಿನ ಬಗ್ಗೆ (ನಮ್ಮ ಕಡೆ ಕೆಸರು, ಮರಳಲ್ಲಿ ಹೆಕ್ಕಿ ತಿನ್ನುವ ಎರಡು ಚಿಪ್ಪಿನ ಜೀವಿ). ಪ್ರತಿ ಸಲ ವಾಟ್ಸ್‌ಆ್ಯಪ್‌ನಲ್ಲಿ ಉತ್ತರ ಟೈಪ್ ಮಾಡಿ ಸಾಕಾಗಿ, ಒಂದೇ ಕಡೆ ಬರೆದಿಟ್ಟಿದ್ದೇನೆ.

ಉಬ್ಬರ-ಇಳಿತದ ಪಟ್ಟಿ ಅಂದರೆ ಯಾವ ಜಾಗ?

ಭರತ, ಅಂದರೆ ಉಬ್ಬರ, ಬಂದಾಗ ಮುಳುಗಿ, ಇಳಿತದಲ್ಲಿ ಬಯಲಾಗುವ ಜಾಗ. ದಿನಕ್ಕೆ ಎರಡು ಸಲ ಕಡಲು, ಎರಡು ಸಲ ನೆಲ. ನಮ್ಮ ಕಡೆ ನಾಲ್ಕು ಬಗೆ ಕಾಣುತ್ತದೆ: ಕಲ್ಲುಬಂಡೆ, ಮರಳು ದಂಡೆ, ನದಿ ಬಾಯಿಯ ಕೆಸರು ಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಕಾಡು.

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರ್‌ನಷ್ಟು ಏರಿಳಿಯುತ್ತದೆ. ಕಾರವಾರದಲ್ಲಿ ದೊಡ್ಡ ಭರತಕ್ಕೂ ಸುಮಾರು ಎರಡು ಮೀಟರ್, ಅಷ್ಟೇ. ಹಾಗಂತ ನಮ್ಮ ಪಟ್ಟಿ ಸಣ್ಣದು ಅಂದುಕೊಳ್ಳಬೇಡಿ. ಅಘನಾಶಿನಿಯ ಅಳಿವೆಯಂಥ ಸಪಾಟು ಜಾಗದಲ್ಲಿ ನೀರು ಒಂದು ಮೀಟರ್ ಇಳಿದರೂ ಕಣ್ಣು ಹಾಯುವಷ್ಟು ದೂರ ಕೆಸರು ತೆರೆದುಕೊಳ್ಳುತ್ತದೆ.

ಆನ್‌ಲೈನ್ ದಾಖಲೆ ಅಂತೀರಲ್ಲ, ಅದು ಒಂದೇ ವೆಬ್‌ಸೈಟಾ?

ಅಲ್ಲ. ಎರಡು ಜಾತಿಯವು ಇವೆ, ಬೇರೆ ಬೇರೆಯಾಗಿ ನೋಡಬೇಕು. ಒಂದು, ಜಾಗದ ನಕ್ಷೆ: ಇಲ್ಲಿ ಕೆಸರು, ಅಲ್ಲಿ ಕಾಂಡ್ಲಾ, ಆಚೆ ಬಂಡೆ ಅಂತ ಬಣ್ಣ ಹಚ್ಚಿದ್ದು. ಇದು ಬಹುಪಾಲು ಉಪಗ್ರಹದ ಚಿತ್ರದಿಂದ ಬರುತ್ತದೆ. ಇನ್ನೊಂದು, ಜೀವಿಗಳ ಚುಕ್ಕಿ: ಇಂಥ ದಿನ, ಇಂಥ ಜಾಗದಲ್ಲಿ ಈ ಏಡಿ ಕಂಡಿತು ಅನ್ನುವುದು. ಇದು ಮನುಷ್ಯರು ನಡೆದು, ಬಗ್ಗಿ ನೋಡಿದ್ದರಿಂದ ಬರುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಮಾತ್ರ ಏನಾದರೂ ಅರ್ಥವಾಗುತ್ತದೆ.

ಹೊಸಬರು ಯಾವುದರಿಂದ ಶುರು ಮಾಡಬೇಕು?

ಐನ್ಯಾಚುರಲಿಸ್ಟ್. ಕಂಡ ಜೀವಿಯ ಫೋಟೊ ಹಾಕಿದರೆ ಬೇರೆಯವರು ಗುರುತು ಹೇಳುವ ವೆಬ್‌ಸೈಟ್. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸ್ನಾತಕೋತ್ತರ ಪ್ರಾಜೆಕ್ಟ್ ಆಗಿ ಮಾಡಿದ್ದು, ಈಗ ಸ್ವತಂತ್ರ ಸಂಸ್ಥೆ. ಆ್ಯಪ್ ಬಳಸಲು ಸುಲಭ. ನಮ್ಮದೇ ಬೇಕು ಅನ್ನುವವರಿಗೆ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಇದೆ, ಅದೂ 2008ರಿಂದ ಇದೆ. ಕಡಲಂಚಿನ ಜೀವಿಗಳ ಮಟ್ಟಿಗೆ ಮೊದಲನೆಯದರಲ್ಲಿ ಗುರುತು ಹೇಳುವವರು ಜಾಸ್ತಿ. ಅದಕ್ಕೆ ಒಂದು ಕಾರಣ ಮುಂಬೈ: 2017ರಿಂದ ಅಲ್ಲಿ ಮರೈನ್ ಲೈಫ್ ಆಫ್ ಮುಂಬೈ ಅನ್ನುವ ಬಳಗ ಗಿರ್ಗಾಂವ್, ಹಾಜಿ ಅಲಿಯಂಥ ದಂಡೆಗಳಲ್ಲಿ ಜನರನ್ನು ನಡೆಸಿ ದಾಖಲಿಸುತ್ತಿದೆ. ಪ್ಲಾಸ್ಟಿಕ್ ನಡುವೆಯೂ ಅಷ್ಟು ಹವಳ, ಆಕ್ಟೋಪಸ್ ಸಿಕ್ಕವು ಅಂದರೆ ನಮ್ಮ ಕಡೆ ನೋಡುವವರು ಇಲ್ಲ ಅನ್ನುವುದೇ ಕೊರತೆ.

ನಾನು ಹಾಕಿದ ಫೋಟೊ ಆಮೇಲೆ ಎಲ್ಲಿಗೆ ಹೋಗುತ್ತದೆ?

ಫೋಟೊ, ದಿನಾಂಕ, ಜಾಗ ಮೂರೂ ಇದ್ದು, ಗುರುತು ಹೇಳಿದವರಲ್ಲಿ ಮೂರನೇ ಎರಡಕ್ಕಿಂತ ಜಾಸ್ತಿ ಜನ ಒಂದೇ ಜಾತಿ ಅಂತ ಒಪ್ಪಿದರೆ ಅದಕ್ಕೆ 'ರಿಸರ್ಚ್ ಗ್ರೇಡ್' ಸಿಗುತ್ತದೆ. ಕನಿಷ್ಠ ಇಬ್ಬರಾದರೂ ಬೇಕು. ಅಲ್ಲಿಂದ ದಾಖಲೆ ಜಿಬಿಫ್ ಅನ್ನುವ ಜಾಗತಿಕ ಭಂಡಾರಕ್ಕೆ ಹೋಗುತ್ತದೆ. ಅದರ ಕಚೇರಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿದೆ, 2001ರಲ್ಲಿ ಶುರುವಾದದ್ದು.

ಇಲ್ಲೊಂದು ಕೊಕ್ಕೆ ಇದೆ. ನೀವು 'ಎಲ್ಲ ಹಕ್ಕು ನನ್ನದೇ' ಅನ್ನುವ ಲೈಸೆನ್ಸ್ ಆರಿಸಿದ್ದರೆ ದಾಖಲೆ ಮುಂದೆ ಹೋಗುವುದಿಲ್ಲ. ಸೆಟ್ಟಿಂಗ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಕಡಲಿಗೆಂದೇ ಇರುವ ಭಂಡಾರ ಓಬಿಸ್. ಸೆನ್ಸಸ್ ಆಫ್ ಮರೈನ್ ಲೈಫ್ ಅನ್ನುವ ಹತ್ತು ವರ್ಷದ ದೊಡ್ಡ ಕೆಲಸದಿಂದ ಹುಟ್ಟಿ, 2009ರಲ್ಲಿ ಯುನೆಸ್ಕೊದ ಸಾಗರ ಆಯೋಗದ ಕೈಗೆ ಬಂತು. ಇಂಡೋಬಿಸ್ ಅನ್ನುವ ಅದರ ಭಾರತದ ಕೊಂಡಿಯನ್ನು ಕೊಚ್ಚಿಯ ಸಿಎಂಎಲ್ಆರ್‌ಇ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿರುವುದು ಬಹುಪಾಲು ಹಡಗಿನಲ್ಲಿ ಹೋದ ವಿಜ್ಞಾನಿಗಳ ದಾಖಲೆ. ಮೊಣಕಾಲು ನೀರಿನ ಜೀವಿ ಹುಡುಕುವವರು ಎರಡೂ ಕಡೆ ನೋಡಬೇಕು.

ಹೆಸರು ಯಾಕೆ ಬದಲಾಗುತ್ತಾ ಇರುತ್ತದೆ? ಹೋದ ವರ್ಷ ಒಂದು, ಈ ವರ್ಷ ಇನ್ನೊಂದು.

ಕಡಲ ಜೀವಿಗಳ ಹೆಸರಿಗೆ ಎಲ್ಲರೂ ಒಪ್ಪುವ ಪಟ್ಟಿ ವರ್ಮ್ಸ್. ಹೆಸರು ಕೇಳಿ ಹುಳುಗಳ ಪಟ್ಟಿ ಅಂದುಕೊಳ್ಳಬೇಡಿ, ಅದು ಬರೀ ಸಂಕ್ಷಿಪ್ತ ಹೆಸರು. ಹಳೆ ಹೆಸರು, ಹೊಸ ಹೆಸರು ಎರಡೂ ಅಲ್ಲಿ ಇರುತ್ತವೆ, ಯಾವುದರಿಂದ ಯಾವುದಕ್ಕೆ ಬಂತು ಅಂತ ಕೊಂಡಿ ಇರುತ್ತದೆ. ಒಂದು ಕೈ ಮಾತ್ರ ದೊಡ್ಡದಿರುವ, ಕೆಸರಲ್ಲಿ ನಿಂತು ಯಾರನ್ನೋ ಕರೆಯುವಂತೆ ಕೈಬೀಸುವ ಏಡಿ ನೋಡಿದ್ದೀರಲ್ಲ? ಅವೆಲ್ಲ ಮೊದಲು 'ಊಕಾ' ಅನ್ನುವ ಒಂದೇ ಕುಲ. 2016ರಲ್ಲಿ ಅದನ್ನು ಒಡೆದು ಹಲವು ಕುಲ ಮಾಡಿದರು. ಊಕಾ ಆನ್ಯುಲಿಪೆಸ್ ಈಗ ಆಸ್ಟ್ರೂಕಾ ಆನ್ಯುಲಿಪೆಸ್. ಏಡಿಗೆ ಇದು ಗೊತ್ತಿಲ್ಲ, ಮೊದಲಿನ ಹಾಗೇ ಕೈಬೀಸುತ್ತಿದೆ.

ನಮಗೆ ಇದಕ್ಕಿಂತ ದೊಡ್ಡ ತಲೆನೋವು ಊರ ಹೆಸರುಗಳದ್ದು. ಕುಮಟಾದ ಬಳಚು ಮಂಗಳೂರಲ್ಲಿ ಮರ್ವಾಯಿ. ಕೊಂಕಣಿಯವರ ಮನೆಯಲ್ಲಿ ತಿಸ್ರೆ, ಖುಬೆ ಅಂತ ಬೇರೆ ಲೆಕ್ಕ. ಇವು ಒಂದೇ ಜಾತಿಗೆ ಅಂಟಿದ ಹೆಸರೂ ಅಲ್ಲ, ಎರಡು ಮೂರು ಜಾತಿಗೆ ಸೇರಿಸಿ ಹೇಳುವುದೂ ಉಂಟು. ಅದರಲ್ಲೊಂದು ಹಳೆ ವರದಿಗಳಲ್ಲೆಲ್ಲ ಪಾಫಿಯಾ ಮಲಬಾರಿಕಾ, ಈಗ ವರ್ಮ್ಸ್‌ನಲ್ಲಿ ಪ್ರೊಟೇಪ್ಸ್ ಗ್ಯಾಲಸ್. ಹಳೆ ಹೆಸರಲ್ಲಿ ಮಾತ್ರ ಹುಡುಕಿ 'ನಮ್ಮ ಊರಲ್ಲಿ ದಾಖಲೆಯೇ ಇಲ್ಲ' ಅಂದವರನ್ನು ನೋಡಿದ್ದೇನೆ.

ಹಾಗಾಗಿ ಟಿಪ್ಪಣಿ ಜಾಗದಲ್ಲಿ ಊರ ಹೆಸರನ್ನೂ ಬರೆಯಿರಿ. ಯಾರು ಹೇಳಿದರು, ಯಾವ ಊರು ಅನ್ನುವುದನ್ನೂ ಸೇರಿಸಿ: 'ತದಡಿಯಲ್ಲಿ ಬಳಚು ಹೆಕ್ಕುವ ಹೆಂಗಸರು ಹೀಗೆ ಕರೆಯುತ್ತಾರೆ' ಅಂದರೆ ಸಾಕು, ಅವರ ಸ್ವಂತ ಹೆಸರು ಬೇಡ. ಒಂದು ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಯಾವ ಮರಳಲ್ಲಿ ಯಾವ ಚಿಪ್ಪು, ಯಾವ ತಿಂಗಳು ಮಾಂಸ ತುಂಬಿರುತ್ತದೆ ಅನ್ನುವುದು ಈ ಹೆಂಗಸರಿಗೆ ಗೊತ್ತಿರುವಷ್ಟು ಯಾವ ಭಂಡಾರದಲ್ಲೂ ಇಲ್ಲ.

ನಕ್ಷೆಯಲ್ಲಿ ಅಘನಾಶಿನಿಯ ಮೇಲೆ ಚುಕ್ಕಿ ಕಡಿಮೆ ಇವೆ. ಅಂದರೆ ಅಲ್ಲಿ ಬಳಚು ಕಡಿಮೆಯಾ?

ಇದೇ ನನಗೆ ಜಾಸ್ತಿ ಸಿಟ್ಟು ಬರಿಸುವ ತಪ್ಪು. ಪ್ರಶ್ನೆ ಕೇಳಿದವರ ಮೇಲಲ್ಲ, ಚುಕ್ಕಿ ನೋಡಿ ವರದಿ ಬರೆಯುವವರ ಮೇಲೆ.

ಭಾರತೀಯ ವಿಜ್ಞಾನ ಸಂಸ್ಥೆಯ ತಂಡ 2008ರ ಅಧ್ಯಯನದಲ್ಲಿ ಅಘನಾಶಿನಿ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿ ತೆಗೆಯುತ್ತಾರೆ, ಎರಡು ಸಾವಿರಕ್ಕೂ ಹೆಚ್ಚು ಜನರ ಹೊಟ್ಟೆಪಾಡು ಅದರಲ್ಲಿದೆ ಅಂತ ಲೆಕ್ಕ ಹಾಕಿತ್ತು. ಇಪ್ಪತ್ತೆರಡು ಸಾವಿರ ಟನ್! ಆದರೆ ಅಷ್ಟನ್ನು ಹೆಕ್ಕಿದವರು ಯಾರೂ ಫೋಟೊ ತೆಗೆದು ಹಾಕಲಿಲ್ಲ. ಬುಟ್ಟಿ ತುಂಬಿಸಿ, ಪೇಟೆಗೆ ಕೊಟ್ಟು, ಮನೆಗೆ ಹೋದರು. ನಕ್ಷೆಯಲ್ಲಿ ಚುಕ್ಕಿ ಬೀಳುವುದು ಮೊಬೈಲ್ ಹಿಡಿದವರು ನಡೆದ ಕಡೆ. ಗೋಕರ್ಣದ ಬೀಚುಗಳಲ್ಲಿ ಜಾಸ್ತಿ, ಮೊಣಕಾಲವರೆಗೆ ಹೂತುಹೋಗುವ ಕೆಸರಲ್ಲಿ ಕಡಿಮೆ. ರಜೆಯ ದಿನ ಜಾಸ್ತಿ, ಮಂಗಳವಾರ ಕಡಿಮೆ.

ಖಾಲಿ ಜಾಗಕ್ಕೆ ಮೂರು ಅರ್ಥ ಇರಬಹುದು: ಯಾರೂ ಹೋಗಿಲ್ಲ, ಹೋದರೂ ನೀರು ಏರಿತ್ತು, ಅಥವಾ ನಿಜವಾಗಿಯೂ ಇಲ್ಲ. ಭಂಡಾರ ನೋಡಿ ಮಾತ್ರ ಇವನ್ನು ಬೇರೆ ಮಾಡಲಾಗದು. ಅದಕ್ಕೇ 'ಒಂದು ಗಂಟೆ ಹುಡುಕಿದೆ, ಸಿಗಲಿಲ್ಲ' ಅನ್ನುವುದನ್ನೂ ಬರೆದಿಡುವುದು ಒಳ್ಳೆಯದು. ಓಬಿಸ್, ಜಿಬಿಫ್‌ಗೆ ಡೇಟಾ ಕೊಡುವ ವಿಜ್ಞಾನಿಗಳಿಗೆ 'ಇಲ್ಲ' ಅಂತ ನಮೂದಿಸಲು ಬೇರೆ ಕಾಲಮ್ಮೇ ಇದೆ. ಐನ್ಯಾಚುರಲಿಸ್ಟ್ ಮಾತ್ರ ಕಂಡದ್ದನ್ನಷ್ಟೇ ತೆಗೆದುಕೊಳ್ಳುತ್ತದೆ. ನಾವು ಕಾಣದ್ದನ್ನು ನೋಟ್‌ಬುಕ್ಕಲ್ಲಿ ಬರೆದಿಡುತ್ತೇವೆ.

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಾಗತಿಕ ಮಹತ್ವದ ಜೌಗು ಜಾಗಗಳ ಪಟ್ಟಿಗೆ, ಸೇರಿತು, 4,801 ಹೆಕ್ಟೇರ್. ಈಗ ನೋಡುವವರು ಹೆಚ್ಚಿದ್ದಾರೆ, ಚುಕ್ಕಿಗಳೂ ಹೆಚ್ಚುತ್ತಿವೆ. ಇನ್ನು ಹತ್ತು ವರ್ಷ ಬಿಟ್ಟು ಯಾರಾದರೂ 'ರಾಮ್ಸಾರ್ ಆದ ಮೇಲೆ ಜೀವಿಗಳು ಹೆಚ್ಚಿದವು' ಅಂತ ಗ್ರಾಫ್ ಹಾಕಿದರೆ, ಈ ಉತ್ತರ ತೋರಿಸಿ.

ಉಪಗ್ರಹದ ನಕ್ಷೆ ಇರುವಾಗ ಕೆಸರಲ್ಲಿ ನಡೆಯೋದು ಯಾಕೆ?

ಒಳ್ಳೆ ಪ್ರಶ್ನೆ, ಉತ್ತರ ಸ್ವಲ್ಪ ಉದ್ದ.

ಉಪಗ್ರಹ ಮಾಡಿದ ಕೆಲಸ ಸಣ್ಣದಲ್ಲ. ನಿಕೋಲಸ್ ಮರ್ರೆ ಮತ್ತು ಸಂಗಡಿಗರು ಲ್ಯಾಂಡ್‌ಸ್ಯಾಟ್‌ನ ಏಳು ಲಕ್ಷಕ್ಕೂ ಹೆಚ್ಚು ಚಿತ್ರ ಜೋಡಿಸಿ, ಭೂಮಿಯ ಮೇಲೆ ಕನಿಷ್ಠ 1,27,921 ಚದರ ಕಿಲೋಮೀಟರ್ ಉಬ್ಬರ-ಇಳಿತದ ಬಯಲು ಇದೆ ಅಂತ 2019ರಲ್ಲಿ ತೋರಿಸಿದರು. ಸಾಕಷ್ಟು ಚಿತ್ರ ಸಿಕ್ಕ ಕಡೆಗಳಲ್ಲಿ 1984ರಿಂದ 2016ರ ಒಳಗೆ ಸುಮಾರು ಶೇ 16ರಷ್ಟು ಹೋಗಿಬಿಟ್ಟಿದೆ. ಆ ನಕ್ಷೆ ಯಾರು ಬೇಕಾದರೂ ನೋಡುವ ಹಾಗೆ ಆನ್‌ಲೈನ್‌ನಲ್ಲಿದೆ. ಕಾಂಡ್ಲಾ ಕಾಡಿಗೆ ಗ್ಲೋಬಲ್ ಮ್ಯಾಂಗ್ರೋವ್ ವಾಚ್ ಇದೆ, 1996ರಿಂದ ಏನಾಯಿತು ಅಂತ ವರ್ಷ ಬದಲಿಸಿ ನೋಡಬಹುದು.

ಆದರೆ ಮೊದಲ ತೊಡಕು ಅಳತೆಯದ್ದು. ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚೌಕ (ಪಿಕ್ಸೆಲ್) 30 ಮೀಟರ್, ಸೆಂಟಿನೆಲ್-2 ಅನ್ನುವ ಇನ್ನೊಂದು ಉಪಗ್ರಹದ್ದು 10 ಮೀಟರ್. ನಮ್ಮ ಹೊಳೆ ದಂಡೆಯಲ್ಲಿ ಕಾಂಡ್ಲಾ ಎಷ್ಟೋ ಕಡೆ ಒಂದೇ ಸಾಲು. ಭಾರತದ ಅರಣ್ಯ ಸ್ಥಿತಿ ವರದಿ 2021ರಲ್ಲಿ ಇಡೀ ಕರ್ನಾಟಕಕ್ಕೆ ಕಾಂಡ್ಲಾ 13 ಚದರ ಕಿಲೋಮೀಟರ್ ಅಂತ ಕೊಟ್ಟಿದೆ. ಇಂಥ ಸಣ್ಣ ಲೆಕ್ಕದಲ್ಲಿ ಆ ಒಂದೊಂದು ಸಾಲೂ ಮುಖ್ಯ. ಅಳತೆಯ ಆಟ ಎಷ್ಟು ದೊಡ್ಡದು ನೋಡಿ: ಭಾರತದ ಕಡಲ ತೀರ 7,516 ಕಿಲೋಮೀಟರ್ ಅಂತ ಶಾಲೆಯಲ್ಲಿ ಓದಿದ್ದೆವು. ಇತ್ತೀಚೆಗೆ ಇನ್ನೂ ಸೂಕ್ಷ್ಮ ನಕ್ಷೆ ಇಟ್ಟು ಅಳೆದಾಗ 11,098 ಆಯಿತು. ಕಡಲೇನೂ ಹಿಗ್ಗಲಿಲ್ಲ, ಮೂಲೆ-ಸಂದಿ ಲೆಕ್ಕಕ್ಕೆ ಬಂದವು.

ಎರಡನೇ ತೊಡಕು ನನಗೆ ಇಷ್ಟವಾದದ್ದು, ಗಡಿಯಾರದ್ದು. ಈ ಉಪಗ್ರಹಗಳು ಯಾವಾಗಲೂ ಬೆಳಿಗ್ಗೆ ಹತ್ತೂವರೆ-ಹನ್ನೊಂದರ ಸುಮಾರಿಗೆ ನಮ್ಮ ತಲೆಯ ಮೇಲೆ ಹಾಯುತ್ತವೆ. ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ದೊಡ್ಡ ಭರತ ಬರುವುದು ಮಧ್ಯಾಹ್ನದ ಮುಂಚೆ, ಹನ್ನೊಂದರ ಆಸುಪಾಸು. ದೊಡ್ಡ ಇಳಿತ ಬೆಳಗಿನ ಜಾವ ಮತ್ತು ಸಂಜೆ. ಅಂದರೆ ನೀರು ತೀರಾ ಕೆಳಗೆ ಹೋಗುವ ಹೊತ್ತಿಗೆ ಉಪಗ್ರಹ ಬರುವುದೇ ಇಲ್ಲ! ಅಷ್ಟಮಿಯ ಸುತ್ತ ಉಪಗ್ರಹ ಬರುವ ಹೊತ್ತಿಗೆ ನೀರು ಇಳಿದಿರುತ್ತದೆ ನಿಜ, ಆದರೆ ಅಷ್ಟಮಿಯ ಇಳಿತ ಇಳಿತವೇ ಅಲ್ಲ ಅಂತ ದಂಡೆಯ ಯಾರನ್ನು ಕೇಳಿದರೂ ಹೇಳುತ್ತಾರೆ. ಬಂಡೆಯ ಕೆಳತುದಿಯ ಸ್ಪಂಜು, ಕಡಲ ಹೂವು, ಹವಳ ಇರುವ ಜಾಗ ಹಾಗಾಗಿ ಉಪಗ್ರಹಕ್ಕೆ ಬರೀ ನೀರು. ಜೊತೆಗೆ ಮಳೆಗಾಲದ ನಾಲ್ಕು ತಿಂಗಳು ಮೋಡ.

ಅಲಾಸ್ಕದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿದರು. ಶೋರ್‌ಝೋನ್ ಅನ್ನುವ ಯೋಜನೆಯಲ್ಲಿ ದೊಡ್ಡ ಇಳಿತದ ದಿನಗಳನ್ನೇ ನೋಡಿ ಹೆಲಿಕಾಪ್ಟರ್‌ನಲ್ಲಿ ದಂಡೆಗುಂಟ ಹಾರಿ, ಓರೆಯಾಗಿ ವಿಡಿಯೊ ತೆಗೆದರು. ಬಂಡೆಯ ಮೇಲೆ ಮೇಲಿಂದ ಕೆಳಗೆ ಯಾವ ಬಣ್ಣದ ಪಟ್ಟಿ, ಅದರಲ್ಲಿ ಯಾವ ಜೀವಿ ಅಂತ ಗುರುತಿಸಿ ನಕ್ಷೆ ಮಾಡಿದರು. ಅದೂ ಆನ್‌ಲೈನ್‌ನಲ್ಲಿ ತೆರೆದಿದೆ. ನಮಗೆ ಹೆಲಿಕಾಪ್ಟರ್ ಇಲ್ಲ, ಕಾಲು ಇದೆ.

ಯಾವ ಹೊತ್ತಿಗೆ ಹೋದರೆ ಚೆನ್ನ?

ಅಮಾವಾಸ್ಯೆ ಅಥವಾ ಹುಣ್ಣಿಮೆ ಕಳೆದು ಒಂದೆರಡು ದಿನ. ಮನೆಯ ಪಂಚಾಂಗವೇ ಸಾಕು. ನಿಖರ ಹೊತ್ತಿಗೆ ಸರ್ವೆ ಆಫ್ ಇಂಡಿಯಾದ ಭರತ-ಇಳಿತ ಪಟ್ಟಿ, ಇಲ್ಲವೇ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನ ವೆಬ್‌ಸೈಟ್ ನೋಡಿ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಳಿವೆಯ ಒಳಗೆ ಹೋದಂತೆ ಇಳಿತ ತಡವಾಗಿ ಬರುತ್ತದೆ, ಬಂದರಿನ ಹೊತ್ತನ್ನೇ ನಂಬಬೇಡಿ.

ಇಳಿತದ ಹೊತ್ತಿಗಿಂತ ಒಂದು ಗಂಟೆ ಮುಂಚೆ ಇಳಿದು, ನೀರು ತಿರುಗಿದ ಕೂಡಲೇ ವಾಪಸ್ ಹೊರಡಿ. ಬಂಡೆಯ ನಡುವಿನ ಗುಂಡಿಗಳು ನೋಡನೋಡುತ್ತಾ ತುಂಬುತ್ತವೆ. ಒಬ್ಬರೇ ಹೋಗಬೇಡಿ. ಶಂಕುವಿನ ಆಕಾರದ ಚಂದದ ಚಿಪ್ಪು ಕಂಡರೆ ಕೈಗೆ ತೆಗೆದುಕೊಳ್ಳಬೇಡಿ, ಕೋನ್ ಬಸವನಹುಳು ವಿಷದ ಮುಳ್ಳು ಚುಚ್ಚುತ್ತದೆ.

ಫೋಟೊ ಜೊತೆ ಏನೇನು ಬರೆಯಬೇಕು?

ಹೊತ್ತು ಮೊಬೈಲೇ ಬರೆದುಕೊಳ್ಳುತ್ತದೆ. ನೀವು ಸೇರಿಸಬೇಕಾದದ್ದು: ಬಂಡೆಯೋ ಮರಳೋ ಕೆಸರೋ, ಬಿಸಿಲಲ್ಲಿ ಇತ್ತೋ ಕಲ್ಲಿನ ಅಡಿಯೋ, ನೀರಿನ ಅಂಚಿನಿಂದ ಎಷ್ಟು ಮೇಲೆ. ಈ ಕೊನೆಯದನ್ನು ಎಲ್ಲರೂ ಬಿಡುತ್ತಾರೆ. ಮೊಬೈಲ್ ಜಿಪಿಎಸ್ ಐದಾರು ಮೀಟರ್ ಆಚೀಚೆ ತೋರಿಸುತ್ತದೆ. ಮರಳು ದಂಡೆಯಲ್ಲಿ ಅದರಿಂದ ಏನೂ ಆಗದು. ಕಡಿದಾದ ಬಂಡೆಯಲ್ಲಿ ಅರ್ಧ ಮೀಟರ್ ಮೇಲೆ ಕೆಳಗೆ ಅಂದರೆ ಬೇರೆಯೇ ಲೋಕ. ಮೇಲೆ ಸಣ್ಣ ಬಸವನಹುಳು, ಅದರ ಕೆಳಗೆ ಬಂಡೆಗೆ ಅಂಟಿದ ಬಾರ್ನಕಲ್, ಕಲ್ವ (ಕಲ್ಲಿಗೆ ಅಂಟಿ ಬೆಳೆಯುವ ಸಿಂಪಿ), ಇನ್ನೂ ಕೆಳಗೆ ಪಚ್ಚಿಲೆ (ಹಸಿರು ಚಿಪ್ಪಿನ ಮಸೆಲ್), ಪಾಚಿ. ನಕ್ಷೆ ಮೇಲಿಂದ ನೋಡುವುದರಿಂದ ಇವೆಲ್ಲ ಒಂದೇ ಚುಕ್ಕಿಯ ಮೇಲೆ ಬೀಳುತ್ತವೆ.

ಮೂರು ಫೋಟೊ ತೆಗೆಯಿರಿ: ಹತ್ತಿರದ್ದು, ಬದಿಯಿಂದ, ಸುತ್ತಲ ಜಾಗದ್ದು. ಅಳತೆಗೆ ಒಂದು ರೂಪಾಯಿ ನಾಣ್ಯ ಇಡಿ. ಮಗುಚಿದ ಕಲ್ಲನ್ನು ಹೇಗಿತ್ತೋ ಹಾಗೇ ವಾಪಸ್ ಇಡಿ, ಅದರ ಅಡಿ ಇರುವವು ಬಿಸಿಲಿಗೆ ಸಾಯುತ್ತವೆ.

ಆ್ಯಪ್ ತಾನೇ ಹೆಸರು ಹೇಳುತ್ತದಲ್ಲ, ಅದನ್ನೇ ಒತ್ತಿದರೆ ಆಗದೇ?

ಆಗದು. ನಮ್ಮ ಕಡೆಯ ಫೋಟೊ ಕಡಿಮೆ ಇರುವುದರಿಂದ ಅದು ಎಷ್ಟೋ ಸಲ ಯುರೋಪ್, ಅಮೆರಿಕದ ಜಾತಿ ಸೂಚಿಸುತ್ತದೆ. ಖಾತ್ರಿ ಇಲ್ಲದಿದ್ದರೆ 'ಏಡಿ', 'ಚಿಪ್ಪುಜೀವಿ' ಅಂತ ಮೇಲಿನ ಹಂತದಲ್ಲೇ ಬಿಡಿ. ಗೊತ್ತಿದ್ದವರು ಇಳಿಸುತ್ತಾರೆ.

ಜಾಗ ಗುರುತಿಸುವಾಗ ಆಗುವ ತಪ್ಪುಗಳು?

ಮೊದಲ ವರ್ಷ ನಾನೇ ಮಾಡಿದ್ದು: ದಂಡೆಯಲ್ಲಿ ಲೊಕೇಶನ್ ಆಫ್ ಇತ್ತು, ಮನೆಗೆ ಬಂದು ಅಪ್‌ಲೋಡ್ ಮಾಡಿದೆ. ಹದಿನಾಲ್ಕು ಪಚ್ಚಿಲೆ ನಮ್ಮ ಮನೆಯ ಅಡುಗೆಮನೆಯಲ್ಲಿ ಬದುಕುತ್ತಿವೆ ಅಂತ ದಾಖಲಾಯಿತು. ಗುರುತು ಹೇಳಲು ಬಂದವರೊಬ್ಬರು 'ಸಾರು ಹೇಗಿತ್ತು?' ಅಂತ ಕೇಳಿದರು.

ಇನ್ನೊಂದು ಎಕ್ಸೆಲ್‌ನಲ್ಲಿ ಆಗುವುದು. ಕುಮಟಾ ಸುಮಾರು 14.4 ಉತ್ತರ, 74.4 ಪೂರ್ವ. ಎರಡನ್ನು ಅದಲುಬದಲು ಮಾಡಿದರೆ ನಮ್ಮ ಬಳಚು ನಾರ್ವೆಯ ಉತ್ತರಕ್ಕೆ, ಕೊರೆಯುವ ಚಳಿಯ ಕಡಲಲ್ಲಿ ತೇಲುತ್ತದೆ. ಎರಡೂ ಖಾಲಿ ಬಿಟ್ಟು ಸೊನ್ನೆ ಆದರೆ ಆಫ್ರಿಕದ ಗಿನಿ ಕೊಲ್ಲಿ. ಭಂಡಾರಗಳು ಇಂಥವನ್ನು ಗುರುತಿಸಿ ಎಚ್ಚರಿಕೆ ಹಾಕುತ್ತವೆ, ಆದರೆ ಹೊನ್ನಾವರದ್ದು ಕುಮಟಾಕ್ಕೆ ಬಿದ್ದರೆ ಯಾವ ಕಂಪ್ಯೂಟರೂ ಹಿಡಿಯದು.

ಬರೀ ಖಾಲಿ ಚಿಪ್ಪು ಸಿಕ್ಕರೆ ಹಾಕಬಹುದೇ?

ಹಾಕಿ. ಆದರೆ 'ಸತ್ತದ್ದು' ಅಂತ ಗುರುತು ಮಾಡಿ. ಅಲೆ ಚಿಪ್ಪನ್ನು ಎಲ್ಲಿಂದಲೋ ತಂದು ಹಾಕಿರಬಹುದು. ಆ ಜೀವಿ ಅಲ್ಲೇ ಬದುಕುತ್ತಿತ್ತು ಅನ್ನಲು ಅದು ಸಾಕ್ಷಿಯಲ್ಲ.

ನಿಖರ ಜಾಗ ಹಾಕಿದರೆ ಹಿಡಿಯುವವರಿಗೆ ದಾರಿ ತೋರಿಸಿದ ಹಾಗೆ ಆಗೋದಿಲ್ವಾ?

ಆಗಬಹುದು. ಕಡಲಕುದುರೆ, ಕಡಲಸೌತೆ, ಹವಳ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ, ಆದರೂ ಕಳ್ಳ ಮಾರಾಟ ಇದೆ. ಐನ್ಯಾಚುರಲಿಸ್ಟ್‌ನಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ಆಗ ಸುಮಾರು 20 ಕಿಲೋಮೀಟರ್ ಅಗಲದ ಚೌಕದಲ್ಲಿ ಎಲ್ಲೋ ಒಂದು ಕಡೆ ಚುಕ್ಕಿ ಬೀಳುತ್ತದೆ. ಅಪಾಯದಲ್ಲಿರುವ ಎಷ್ಟೋ ಜಾತಿಗಳಿಗೆ ಅದು ತಾನಾಗಿಯೇ ಹೀಗೆ ಮಾಡುತ್ತದೆ. ಆದರೆ ಫೋಟೊದಲ್ಲಿ ದೀಪಸ್ತಂಭ ಕಾಣುತ್ತಿದ್ದರೆ ಮಸುಕು ಮಾಡಿ ಏನು ಪ್ರಯೋಜನ? ಹಾಗೇ ಬಳಚು ಹೆಕ್ಕುವವರು ನಂಬಿ ತೋರಿಸಿದ ಜಾಗವನ್ನು ಅವರನ್ನು ಕೇಳದೆ ಹಾಕಬೇಡಿ. ಅದು ಅವರ ಅನ್ನ.

ಸುಮ್ನೆ ಫೋಟೊ ಸಾಲದು, ಲೆಕ್ಕ ಬೇಕು ಅಂದರೆ?

ಪಿವಿಸಿ ಪೈಪಿನಲ್ಲಿ ಅರ್ಧ ಮೀಟರ್ ಉದ್ದಗಲದ ಚೌಕಟ್ಟು ಮಾಡಿ. ಭರತದ ಗೆರೆಯಿಂದ ನೀರಿನವರೆಗೆ ಹಗ್ಗ ಎಳೆದು, ಐದೈದು ಮೀಟರ್‌ಗೆ ಚೌಕಟ್ಟು ಇಟ್ಟು ಎಣಿಸಿ. ಅದೇ ಜಾಗ, ಅದೇ ರೀತಿ, ವರ್ಷಕ್ಕೆ ಎರಡು ಸಲ. ಬೇಜಾರಿನ ಕೆಲಸ, ಆದರೆ ಬೆಲೆ ಇರುವುದು ಇದಕ್ಕೇ. ಅಮೆರಿಕದ ಪಶ್ಚಿಮ ತೀರದಲ್ಲಿ ಮರೈನ್ ಅನ್ನುವ ಜಾಲ ಹೀಗೆ ಬಂಡೆಯ ಜೀವಿಗಳನ್ನು ಎಣಿಸುತ್ತಾ ಬಂದಿತ್ತು. 2013ರಲ್ಲಿ ನಕ್ಷತ್ರಮೀನುಗಳು ಕರಗಿದಂತೆ ಸಾಯಲು ಶುರುವಾದಾಗ, ಮೊದಲು ಎಷ್ಟಿದ್ದವು ಅನ್ನುವುದಕ್ಕೆ ಅವರ ಹತ್ತಿರ ಲೆಕ್ಕ ಇತ್ತು. ಅವುಗಳಲ್ಲಿ ಸೂರ್ಯಕಾಂತಿ ನಕ್ಷತ್ರಮೀನಿನ ಸಾವಿಗೆ ಕಾರಣ ಒಂದು ವಿಬ್ರಿಯೊ ಬ್ಯಾಕ್ಟೀರಿಯಾ ಅಂತ ಗೊತ್ತಾದದ್ದು 2025ರಲ್ಲಿ.

ಮಣ್ಣು ಹಾಕಿ ದಂಡೆ ತುಂಬಿಸುವ ಕೆಲಸ ನಡೆದರೆ ಈ ದಾಖಲೆ ಉಪಯೋಗಕ್ಕೆ ಬರುತ್ತದೆಯೇ?

ಪೂರಕವಾಗಿ ಬರುತ್ತದೆ. ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಕಾಂಡ್ಲಾ, ಜೀವಿಗಳಿರುವ ಕೆಸರು ಬಯಲು, ಆಮೆ ಮೊಟ್ಟೆಯಿಡುವ ಜಾಗಗಳು ಅತಿ ಸೂಕ್ಷ್ಮ ಗುಂಪಿಗೆ ಸೇರುತ್ತವೆ. ಆದರೆ ಕಾನೂನಿಗೆ ಲೆಕ್ಕ ಸರ್ಕಾರದ ಕರಾವಳಿ ನಿರ್ವಹಣಾ ನಕ್ಷೆ. ಅದರ ಕರಡು ಬಂದಾಗ ಜನ ಆಕ್ಷೇಪ ಸಲ್ಲಿಸಬಹುದು. ನಿಮ್ಮ ಕೆಸರು ಬಯಲು ಕರಡಿನಲ್ಲಿ ಬಿಟ್ಟುಹೋಗಿದ್ದರೆ ತಾರೀಕು, ಜಾಗ ಇರುವ ದಾಖಲೆಗಳ ಪಟ್ಟಿ ಕೈಯಲ್ಲಿರುವುದು ಬಾಯಿಮಾತಿಗಿಂತ ಎಷ್ಟೋ ಮೇಲು. ಕೆಲಸ ಶುರುವಾದ ಮೇಲೆ ಹೋಗಿ ಫೋಟೊ ತೆಗೆದರೆ ಅಲ್ಲಿ ಮಣ್ಣು ಮಾತ್ರ ಇರುತ್ತದೆ.

ಮಳೆಗಾಲದಲ್ಲಿ ಏನು ಮಾಡುವುದು?

ಜೂನ್‌ನಿಂದ ದಂಡೆಗೆ ಇಳಿಯಬೇಡಿ. ಮೊಬೈಲ್‌ನಲ್ಲಿ ಬಿದ್ದಿರುವ ಹಳೆ ಫೋಟೊಗಳನ್ನು ಹುಡುಕಿ ಅಪ್‌ಲೋಡ್ ಮಾಡಿ, ತಾರೀಕು ಮೂಲ ಫೋಟೊದಲ್ಲೇ ಇರುತ್ತದೆ. ಬೇರೆಯವರ 'ಗುರುತು ಸಿಗದ' ರಾಶಿಯಲ್ಲಿ ಕರ್ನಾಟಕ ಅಂತ ಆರಿಸಿ, ಗೊತ್ತಿರುವ ಎರಡು ಮೂರು ಜೀವಿಗಳನ್ನಷ್ಟೇ ಗುರುತಿಸಿ. ಹೋದ ಜುಲೈನಲ್ಲಿ ಹಾಗೆ ಕೂತಾಗ ಯಾರೋ ಪ್ರವಾಸಿ ನಾಲ್ಕು ವರ್ಷದ ಹಿಂದೆ ಹಾಕಿದ್ದ, ಯಾರೂ ನೋಡದಿದ್ದ ಫೋಟೊ ಸಿಕ್ಕಿತು. ಶೀರ್ಷಿಕೆ 'ಕಲ್ಲು' ಅಂತಿತ್ತು. ಕಲ್ಲಿನ ತುಂಬ ಕಲ್ವ.